ಎಲೆಕ್ಟ್ರಾನಿಗೊಂದು ಬಸಿಗಾಲುವೆ: ವಾಹಕ ಪಾಲಿಮರು ಲೇಪಗಳೂ ಪೇಟೆಂಟಿನ ಪರೀಕ್ಷೆಯೂ

ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯು ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳಿಗೆ ನೀರನ್ನು ತಂದಾಗ ಅಲ್ಲಿಯ ರೈತರು ಎರಡು ಪಾಠಗಳನ್ನು ಕಲಿತರು. ನೀರು ಬಂದರೆ ರಾಗಿಯ ಹೊಲ ಕಬ್ಬು ಬತ್ತಗಳ ಗದ್ದೆಯಾಗುತ್ತದೆ ಎಂಬುದು ಮೊದಲನೆಯದು. ಬಂದ ನೀರು ಹೊರಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಅದೇ ಗದ್ದೆ ಜೌಗಾಗಿ, ಚೌಳೇರಿ, ಕಡೆಗೆ ಏನನ್ನೂ ಬೆಳೆಯದಂತಾಗುತ್ತದೆ ಎಂಬುದು ಎರಡನೆಯದು. ಆದುದರಿಂದ ನೀರು ತರುವ ಕಾಲುವೆ ಎಷ್ಟು ಮುಖ್ಯವೋ ಹೆಚ್ಚಿನ ನೀರನ್ನು ಹೊರಕ್ಕೆ ಸಾಗಿಸುವ ಬಸಿಗಾಲುವೆಯೂ ಅಷ್ಟೇ ಮುಖ್ಯ.

ಈ ಲೇಖನದ ವಿಷಯ ವ್ಯವಸಾಯವಲ್ಲ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ವಿದ್ಯುನ್ಮಂಡಲಗಳನ್ನು ಸಿಲಿಕಾನಿನ ಬಿಲ್ಲೆಯ ಮೇಲೆ ಬರೆಯುವ ಶಿಲ್ಪಿಗಳಿಗೂ ಇಂತಹುದೇ ಒಂದು ತೊಡಕು ಎದುರಾಯಿತು. ಅವರೂ ಒಂದು ಬಸಿಗಾಲುವೆಯನ್ನು ತೋಡಬೇಕಾಯಿತು. ಆ ಬಸಿಗಾಲುವೆ ಒಂದು ವಿಚಿತ್ರವಾದ ಪ್ಲಾಸ್ಟಿಕ್ಕಿನ ಪೊರೆ. ಅಂತಹ ಪೊರೆಯೊಂದನ್ನು ಕಂಡುಹಿಡಿದೆನೆಂದು ಒಬ್ಬನು ಪೇಟೆಂಟು ಕಚೇರಿಯ ಬಾಗಿಲಿಗೆ ಬಂದರೆ ಅವನ ಹಕ್ಕನ್ನು ಹೇಗೆ ಪರೀಕ್ಷಿಸಬೇಕು? ಈ ಪ್ರಶ್ನೆ ವಕೀಲರಿಗೂ ರಸಾಯನಶಾಸ್ತ್ರಜ್ಞರಿಗೂ ಮಾತ್ರ ಸೇರಿದುದೆಂದು ತೋರಬಹುದು. ಆದರೆ ಅದರ ಉತ್ತರವು ನಾಳೆ ನಮ್ಮ ತರುಣರು ಯಾವ ಕೆಲಸವನ್ನು ಸ್ವತಂತ್ರವಾಗಿ ಮಾಡಬಹುದು, ಯಾವುದಕ್ಕೆ ಪರರ ಅಪ್ಪಣೆ ಬೇಕು ಎಂಬುದನ್ನು ನಿರ್ಧರಿಸುತ್ತದೆ.

ತಡೆಲೇಪದ ಮೇಲಣ ಚಿತ್ರ

ಬಟ್ಟೆಯ ಮೇಲೆ ಮೇಣದಿಂದ ಚಿತ್ತಾರ ಬರೆದು ಬಣ್ಣದಲ್ಲಿ ಅದ್ದಿದರೆ ಮೇಣವಿದ್ದ ಕಡೆ ಬಣ್ಣ ಹತ್ತುವುದಿಲ್ಲವೆಂಬುದನ್ನು ವಾಚಕರು ಬಲ್ಲರು. ಮೇಣ ಬಣ್ಣವನ್ನು ತಡೆಯುತ್ತದೆ. ಸಿಲಿಕಾನಿನ ಕೆಲಸದಲ್ಲಿ ಮೇಣದ ಸ್ಥಾನವನ್ನು ವಹಿಸುವ ವಸ್ತುವಿಗೆ ರೆಸಿಸ್ಟ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ತಡೆಲೇಪವೆನ್ನಬಹುದು. ಬಿಲ್ಲೆಯ ಮೇಲೆ ದ್ರವರೂಪದ ತಡೆಲೇಪದ ಒಂದೆರಡು ತೊಟ್ಟುಗಳನ್ನು ಬಿಟ್ಟು ಬಿಲ್ಲೆಯನ್ನು ವೇಗವಾಗಿ ತಿರುಗಿಸಿದರೆ ಅದು ಸಮನಾದ ತೆಳು ಪೊರೆಯಾಗಿ ಹರಡುತ್ತದೆ. ಅದರ ಮೇಲೆ ಬೆಳಕಿನಿಂದಲೋ ಎಲೆಕ್ಟ್ರಾನುಗಳ ಕಿರಣದಿಂದಲೋ ಚಿತ್ರ ಬರೆಯುತ್ತಾರೆ. ಕಿರಣ ತಾಕಿದ ಕಡೆ ಲೇಪದ ಅಣುಗಳು ಬದಲಾಗುತ್ತವೆ. ಅನಂತರ ತಕ್ಕ ದ್ರಾವಕದಲ್ಲಿ ತೊಳೆದರೆ ಬದಲಾದ ಭಾಗ ಕರಗಿಹೋಗಿ ಉಳಿದ ಭಾಗ ತಡೆಯಾಗಿ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ, ತಾಕಿದ ಭಾಗವೇ ಗಟ್ಟಿಯಾಗಿ ಉಳಿಯುವ ಲೇಪಗಳೂ ಉಂಟು.

ಎಲೆಕ್ಟ್ರಾನ್ ಕಿರಣಕ್ಕೆ ಒಗ್ಗುವ ತಡೆಲೇಪಗಳಲ್ಲಿ ಬಹು ಪ್ರಸಿದ್ಧವಾದುದು ಪಾಲಿಮೀಥೈಲ್ ಮೆಥಾಕ್ರಿಲೇಟು. ಅಂಗಡಿಗಳ ನಾಮಫಲಕಗಳಿಗೆ ಬಳಸುವ ಆಕ್ರಿಲಿಕ್ ಹಲಗೆಯ ವಸ್ತುವೇ ಅದು. ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಹಾಲರ್, ಹಟ್ಜಾಕಿಸ್ ಮತ್ತು ಶ್ರೀನಿವಾಸನ್ ಎಂಬ ಮೂವರು ವಿಜ್ಞಾನಿಗಳು ಈ ಉಪಯೋಗವನ್ನು 1968ರಲ್ಲಿ ವರದಿ ಮಾಡಿದರು. ಎಲೆಕ್ಟ್ರಾನು ತಾಕಿದೆಡೆ ಅದರ ಉದ್ದವಾದ ಅಣುಸರಪಳಿಗಳು ತುಂಡಾಗಿ ಸುಲಭವಾಗಿ ಕರಗುವಂತಾಗುತ್ತವೆ. ಈ ಬರವಣಿಗೆಯ ಸೂಕ್ಷ್ಮತೆಯನ್ನು ಊಹಿಸುವುದು ಕಷ್ಟ. ಮನುಷ್ಯನ ಕೂದಲಿನ ದಪ್ಪ ಸುಮಾರು 60 ಸಾವಿರದಿಂದ 1 ಲಕ್ಷ ನ್ಯಾನೊಮೀಟರುಗಳಾದರೆ, ಎಲೆಕ್ಟ್ರಾನ್ ಕಿರಣವು ಹತ್ತಾರು ನ್ಯಾನೊಮೀಟರು ಅಗಲದ ಗೆರೆಯನ್ನು ಎಳೆಯಬಲ್ಲುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊವಿಜ್ಞಾನ ಕೇಂದ್ರದಲ್ಲಿ, ಧೂಳಿನ ಕಣವನ್ನೂ ಒಳಗೆ ಬಿಡದ ಕೊಠಡಿಗಳಲ್ಲಿ, ಇಂತಹ ಬರವಣಿಗೆ ನಡೆಯುತ್ತಿದೆ.

ಜೌಗಾದ ವಿದ್ಯುತ್ತು

ಎಲೆಕ್ಟ್ರಾನೆಂದರೆ ಋಣವಿದ್ಯುತ್ತಿನ ಕಣ. ಸಾವಿರಾರು, ಕೆಲವು ಯಂತ್ರಗಳಲ್ಲಿ 1 ಲಕ್ಷ ವೋಲ್ಟುಗಳ ಒತ್ತಡದಿಂದ ಚಿಮ್ಮಿದ ಈ ಕಣಗಳಲ್ಲಿ ಕೆಲವು ಲೇಪದೊಳಗೂ ಅದರ ಕೆಳಗಣ ಫಲಕದೊಳಗೂ ನಿಂತುಬಿಡುತ್ತವೆ. ಫಲಕವು ಸಿಲಿಕಾನಾದರೆ ನಿಂತ ವಿದ್ಯುತ್ತು ಬಹುಮಟ್ಟಿಗೆ ನೆಲಕ್ಕೆ ಹರಿದುಹೋಗುತ್ತದೆ. ಅದು ಗಾಜೋ ಸ್ಫಟಿಕಶಿಲೆಯೋ ಆಗಿದ್ದರೆ ಹರಿಯಲು ದಾರಿಯಿಲ್ಲ. ತಡೆಲೇಪವಂತೂ ಸ್ವಭಾವತಃ ಅವಾಹಕ. ಹೀಗೆ ವಿದ್ಯುತ್ತು ಜೌಗಿನ ನೀರಿನಂತೆ ಶೇಖರವಾಗುತ್ತದೆ. ಸಜಾತಿಯ ವಿದ್ಯುತ್ತುಗಳು ಒಂದನ್ನೊಂದು ತಳ್ಳುವುದು ಪ್ರಕೃತಿನಿಯಮ. ಆದುದರಿಂದ ಮುಂದೆ ಬರುವ ಕಿರಣವು ತಾನು ಗುರಿಯಿಟ್ಟ ಸ್ಥಳವನ್ನು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ಗೆರೆ ಡೊಂಕಾಗುತ್ತದೆ. ಒಂದರ ಮೇಲೊಂದು ಕರಾರುವಾಕ್ಕಾಗಿ ಕೂಡಬೇಕಾದ ಚಿತ್ರಗಳು ಕೂಡದೆ ಹೋದರೆ ಇಡೀ ಬಿಲ್ಲೆ ವ್ಯರ್ಥವಾಗುತ್ತದೆ.

ಇದಕ್ಕೆ ಹಳೆಯ ಪರಿಹಾರವೆಂದರೆ ಲೇಪದ ಮೇಲೆ ಅಲ್ಯೂಮಿನಿಯಮ್ ಅಥವಾ ಚಿನ್ನದಂತಹ ಲೋಹದ ತೆಳುಪೊರೆಯನ್ನು ಹಾಯಿಸುವುದು. ಲೋಹವು ವಿದ್ಯುತ್ತನ್ನು ಚೆನ್ನಾಗಿ ಸಾಗಿಸುತ್ತದೆ. ಆದರೆ ಅದನ್ನು ಹಚ್ಚಲು ನಿರ್ವಾತಯಂತ್ರ ಬೇಕು. ತೆಗೆಯಲು ಆಮ್ಲವೋ ಕ್ಷಾರವೋ ಬೇಕು. ಆ ಆಮ್ಲಕ್ಷಾರಗಳಿಂದ ಕೆಳಗಣ ಸೂಕ್ಷ್ಮಚಿತ್ರ ಕೆಡುವ ಭಯವೂ ಉಂಟು. ನೀರಿನಲ್ಲಿ ಕರಗುವ, ಸುಲಭವಾಗಿ ಹರಡಬಲ್ಲ, ಕೆಲಸ ಮುಗಿದೊಡನೆ ನೀರಿನಿಂದಲೇ ತೊಳೆದುಹೋಗುವ ವಾಹಕವೊಂದು ಇದ್ದಿದ್ದರೆ! ಪ್ಲಾಸ್ಟಿಕ್ಕುಗಳು ಇಲ್ಲಿ ನೆನಪಿಗೆ ಬರುವುದು ಅಸಂಭವವೆಂದೇ ತೋರೀತು. ಏಕೆಂದರೆ ವಿದ್ಯುತ್ತಿನ ತಂತಿಗೆ ಹೊದಿಕೆ ಹಾಕಲು ನಾವು ಪ್ಲಾಸ್ಟಿಕ್ಕನ್ನು ಬಳಸುವುದೇ ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲವೆಂದು.

ಆದರೆ ಪ್ರಕೃತಿಯ ನಿಯಮಗಳು ನಮ್ಮ ರೂಢಿಗಿಂತ ವಿಶಾಲವಾದುವು. ಜಪಾನಿನ ಶಿರಾಕಾವಾ, ಅಮೆರಿಕದಲ್ಲಿ ಕೆಲಸಮಾಡುತ್ತಿದ್ದ ಮ್ಯಾಕ್‌ಡಯರ್ಮಿಡ್ ಮತ್ತು ಹೀಗರ್ ಇವರು, ಪಾಲಿಅಸಿಟಿಲೀನ್ ಎಂಬ ಪಾಲಿಮರಿಗೆ ಅಯೊಡೀನಿನಂತಹ ವಸ್ತುಗಳ ಆವಿಯನ್ನು ಸೋಕಿಸಿದರೆ ಅದರ ವಾಹಕತೆ ಲಕ್ಷಾಂತರ ಪಾಲು ಹೆಚ್ಚುವುದೆಂದು 1977ರಲ್ಲಿ ತೋರಿಸಿಕೊಟ್ಟರು. 2000ದಲ್ಲಿ ಈ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಇವುಗಳ ಅಣುಸರಪಳಿಯಲ್ಲಿ ಒಂಟಿ ಬಂಧವೂ ಜೋಡಿ ಬಂಧವೂ ಒಂದಾದಮೇಲೊಂದರಂತೆ ಬರುತ್ತವೆ; ಬೆರಕೆವಸ್ತುವೊಂದು ಸರಪಳಿಯಿಂದ ಕೆಲವು ಎಲೆಕ್ಟ್ರಾನುಗಳನ್ನು ಕಸಿದಾಗ, ಉಳಿದವು ಖಾಲಿಯಾದ ಸ್ಥಾನಗಳ ಮೂಲಕ ಸರಿಯತೊಡಗುತ್ತವೆ. ತುಂಬಿದ ಸಾಲಿನಲ್ಲಿ ಒಬ್ಬನು ಎದ್ದುಹೋದರೆ ಮಿಕ್ಕವರು ಒಬ್ಬೊಬ್ಬರಾಗಿ ಜರುಗುವಂತೆ ಇದು.

ಪಾಲಿಅನಿಲೀನ್ ಎಂಬ ಇನ್ನೊಂದು ವಾಹಕ ಪಾಲಿಮರು ಇದಕ್ಕಿಂತಲೂ ಹಳೆಯದು. ಲಂಡನ್ನಿನ ಹೆನ್ರಿ ಲೆಥಬಿ ಎಂಬಾತ 1862ರಲ್ಲಿಯೇ ಅನಿಲೀನನ್ನು ಗಂಧಕಾಮ್ಲದಲ್ಲಿ ವಿದ್ಯುತ್ತಿನಿಂದ ಉತ್ಕರ್ಷಿಸಿ ನೀಲಿಹಸಿರು ವಸ್ತುವೊಂದನ್ನು ಪಡೆದಿದ್ದನು. ಅದನ್ನು ಎಲೆಕ್ಟ್ರಾನ್ ಬರವಣಿಗೆಯಲ್ಲಿ ವಿದ್ಯುತ್ತನ್ನು ಬಸಿಯುವ ಪದರವನ್ನಾಗಿ ಬಳಸಬಹುದೆಂದು ಐ.ಬಿ.ಎಂ. ಸಂಸ್ಥೆಯ ಮೇರಿ ಏಂಜಲೋಪೊಲಸ್ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲಿ ಪ್ರಕಟಿಸಿದರು. ತಾಮ್ರದಷ್ಟು ವಾಹಕತೆ ಇಲ್ಲಿ ಬೇಕಿಲ್ಲ. ಬಸಿಗಾಲುವೆಗೆ ಕಾವೇರಿಯಷ್ಟು ಅಗಲವೇಕೆ? ಮುಂದೆ ನೀರಿನಲ್ಲಿ ಕರಗುವ ಪಾಲಿಅನಿಲೀನುಗಳೂ ಬಂದುವು.

ಮಂಡ್ಯದ ಅಣೆಕಟ್ಟೆಯಲ್ಲೊಂದು ಪೇಟೆಂಟು

ಪೇಟೆಂಟೆಂದರೇನೆಂಬುದನ್ನು ತಿಳಿಯಲು ಮತ್ತೆ ಕೃಷ್ಣರಾಜಸಾಗರಕ್ಕೆ ಹೋಗೋಣ. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ, ಪ್ರವಾಹ ಒಂದು ಮಟ್ಟಕ್ಕೇರಿದೊಡನೆ ತಾವಾಗಿ ತೆರೆದು, ಇಳಿದೊಡನೆ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರಚಿಸಿ ಅದಕ್ಕೆ ಪೇಟೆಂಟು ಪಡೆದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಅವು ಮೊದಲು ಬಳಕೆಗೆ ಬಂದುವು. ಅನಂತರ ಗ್ವಾಲಿಯರಿನ ತಿಗ್ರಾ ಅಣೆಕಟ್ಟೆಯಲ್ಲಿಯೂ ನಮ್ಮ ಕನ್ನಂಬಾಡಿಯಲ್ಲಿಯೂ ಇಂತಹ ಬಾಗಿಲುಗಳು ನಿಂತುವು. ಬಾಗಿಲು ಹಳೆಯದು, ನೀರಿನ ಒತ್ತಡ ಹಳೆಯದು. ಕಾವಲುಗಾರನಿಲ್ಲದೆ ನೀರೇ ಬಾಗಿಲನ್ನು ನಡೆಸುವ ಜೋಡಣೆ ಮಾತ್ರ ಹೊಸದು. ಪೇಟೆಂಟು ರಕ್ಷಿಸುವುದು ಇಂತಹ ಜೋಡಣೆಯನ್ನೇ ಹೊರತು ಪ್ರಕೃತಿಯ ಶಕ್ತಿಯನ್ನಲ್ಲ.

ಪೇಟೆಂಟು ಒಂದು ಕರಾರು. ಸಂಶೋಧಕನು ತನ್ನ ರಹಸ್ಯವನ್ನು ಮುಚ್ಚುಮರೆಯಿಲ್ಲದೆ ಲೋಕಕ್ಕೆ ಬರೆದುಕೊಡುತ್ತಾನೆ. ಸಮಾಜವು ಅದಕ್ಕೆ ಪ್ರತಿಯಾಗಿ ಗೊತ್ತಾದ ಕಾಲದವರೆಗೆ ಇತರರು ಅದನ್ನು ಅವನ ಒಪ್ಪಿಗೆಯಿಲ್ಲದೆ ಬಳಸದಂತೆ ತಡೆಯುವ ಹಕ್ಕನ್ನು ಅವನಿಗೆ ಕೊಡುತ್ತದೆ. ಭಾರತದಲ್ಲಿ ಇದಕ್ಕೆ ಮೊದಲ ಕಾಯಿದೆ ಬಂದುದು 1856ರಲ್ಲಿ. ಮೊದಲ ಅರ್ಜಿ ಕಲ್ಕತ್ತೆಯ ಡಿಪೆನ್ನಿಂಗ್ ಎಂಬಾತನ ಪಂಖಾ ಎಳೆಯುವ ಯಂತ್ರಕ್ಕೆ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಸಲ್ಲಿಸಿದ ವರದಿಯ ಆಧಾರದ ಮೇಲೆ ರೂಪುಗೊಂಡ 1970ರ ಕಾಯಿದೆ 1972ರಲ್ಲಿ ಜಾರಿಗೆ ಬಂದಿತು. ಆ ಕಾಯಿದೆಯ 5ನೆಯ ಪ್ರಕರಣದ ಮೇರೆಗೆ ರಾಸಾಯನಿಕ ಕ್ರಿಯೆಯಿಂದ ತಯಾರಾದ ವಸ್ತುಗಳಿಗೆ ಪೇಟೆಂಟು ಸಿಗುತ್ತಿರಲಿಲ್ಲ. ತಯಾರಿಕೆಯ ವಿಧಾನಕ್ಕೆ ಮಾತ್ರ ಸಿಗುತ್ತಿದ್ದಿತು. ಅರೆವಾಹಕಗಳ ಹೆಸರನ್ನೂ ಆ ಪ್ರಕರಣ ಸ್ಪಷ್ಟವಾಗಿ ಎತ್ತಿ ಹೇಳಿದ್ದಿತು. 2005ರ ತಿದ್ದುಪಡಿ ಈ ಪ್ರಕರಣವನ್ನು ತೆಗೆದುಹಾಕಿತು. ಹೊಸ ಪಾಲಿಮರನ್ನೇ ತನ್ನದೆಂದು ಕೇಳಲು ಭಾರತದಲ್ಲಿ ದಾರಿ ತೆರೆದುದು ಆಗ. ಪರೀಕ್ಷಕನ ಹೊಣೆ ಹೆಚ್ಚಿದುದೂ ಆಗಲೇ. ಏಕೆಂದರೆ ವಿಧಾನವೊಂದಕ್ಕೆ ಬೇಲಿ ಹಾಕಿದರೆ ಬೇರೆ ದಾರಿಯಿಂದ ಹೋಗಬಹುದು, ವಸ್ತುವಿಗೇ ಬೇಲಿ ಹಾಕಿದರೆ ಎಲ್ಲ ದಾರಿಗಳೂ ಮುಚ್ಚುತ್ತವೆ.

ಒಂದು ಅರ್ಜಿಯ ಪರೀಕ್ಷೆ

ವಿಷಯ ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಅರ್ಜಿಯನ್ನು ಮುಂದಿಟ್ಟುಕೊಳ್ಳೋಣ. ಮಳವಳ್ಳಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಓದಿದ ತರುಣಿಯೊಬ್ಬಳು ಅರ್ಜಿ ಹಾಕಿದ್ದಾಳೆಂದು ಭಾವಿಸೋಣ. ಕರ್ನಾಟಕದವರ ಅರ್ಜಿಗಳು ಚೆನ್ನೈನಲ್ಲಿರುವ ಪೇಟೆಂಟು ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಅವಳ ಮೊದಲ ಹಕ್ಕುಮಾತು ಹೀಗಿದೆ: “ಫಲಕದ ಮೇಲೆ ತಡೆಲೇಪವನ್ನು ಹರಡಿ, ಅದರ ಮೇಲೆ ನೀರಿನಲ್ಲಿ ಕರಗುವ ವಾಹಕ ಪಾಲಿಮರನ್ನು ಲೇಪಿಸಿ, ಎಲೆಕ್ಟ್ರಾನ್ ಕಿರಣದಿಂದ ಚಿತ್ರ ಬರೆದು, ಪಾಲಿಮರನ್ನು ನೀರಿನಿಂದ ತೊಳೆಯುವ ವಿಧಾನ.” ಎರಡನೆಯದು ಇದಕ್ಕಿಂತ ಕಿರಿದು: ಆ ಪಾಲಿಮರಿಗೆ ಒಂದು ನಿರ್ದಿಷ್ಟ ಸಹಾಯಕ ವಸ್ತುವನ್ನು ನಿರ್ದಿಷ್ಟ ಪ್ರಮಾಣದಲ್ಲಿ ಸೇರಿಸಿದ ಲೇಪ.

ಪರೀಕ್ಷಕನು ಕೇಳುವ ಮೊದಲ ಪ್ರಶ್ನೆ, ಇದು ಹೊಸದೇ? ಅರ್ಜಿಯ ದಿನಕ್ಕೆ ಮುಂಚೆ ಲೋಕದ ಯಾವ ಮೂಲೆಯಲ್ಲಿ, ಯಾವ ಭಾಷೆಯಲ್ಲಿ ಪ್ರಕಟವಾಗಿದ್ದರೂ ಅದು ಹಳೆಯದೇ. ನೀರಿನಲ್ಲಿ ಕರಗುವ ಪಾಲಿಅನಿಲೀನಿನ ಬಸಿಪದರಗಳು ಬಹಳ ಹಿಂದೆಯೇ ಪ್ರಕಟವಾಗಿರುವುದರಿಂದ ಮೊದಲ ಹಕ್ಕುಮಾತು ಇಲ್ಲಿಯೇ ಬಿದ್ದುಹೋಗುತ್ತದೆ. ಇದರಲ್ಲಿ ಅರ್ಜಿದಾರಳ ಅಪ್ರಾಮಾಣಿಕತೆಯೇನೂ ಇಲ್ಲ. ತಾನಾಗಿ ಕಂಡುಕೊಂಡುದೆಲ್ಲವೂ ಲೋಕಕ್ಕೆ ಹೊಸದಾಗಬೇಕೆಂದಿಲ್ಲ. ಅರಿಸಿನದಿಂದ ಗಾಯ ಮಾಯುವ ವಿಧಾನಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟಿದ್ದ ಪೇಟೆಂಟು, ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನ ಪರಿಷತ್ತು ಹಳೆಯ ಬರವಣಿಗೆಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ರದ್ದಾಯಿತೆಂಬುದನ್ನು ವಾಚಕರು ಕೇಳಿರಬಹುದು. ನಮ್ಮ ಅಜ್ಜಿಯರ ಅರಿವೂ ಲಿಖಿತ ಸಾಕ್ಷ್ಯದೊಡನೆ ಬಂದಾಗ ಪರೀಕ್ಷೆಯಲ್ಲಿ ತೂಕವುಳ್ಳದ್ದಾಗುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಕಠಿಣ: ಹೊಸದಾದರೂ ಇದು ಆ ಕಸಬನ್ನು ಬಲ್ಲವನಿಗೆ ಸಹಜವಾಗಿಯೇ ಹೊಳೆಯುವಂತಹುದಲ್ಲವೇ? ಮಂಡ್ಯದ ಆಲೆಮನೆಯ ಉದಾಹರಣೆಯನ್ನು ತೆಗೆದುಕೊಳ್ಳಿ. ಕಬ್ಬಿನ ಹಾಲಿನ ಕೊಳೆಯನ್ನು ತೆಗೆಯಲು ಸುಣ್ಣವನ್ನೂ ಬೆಂಡೆಗಿಡದ ಲೋಳೆಯನ್ನೂ ಬಳಸುವುದು ರೂಢಿ. ಒಬ್ಬನು ಎರಡನ್ನೂ ಕೂಡಿಸಿ ಬಳಸಿದೆನೆಂದು ಬಂದರೆ, ಪ್ರತಿಯೊಂದೂ ತನ್ನ ಹಳೆಯ ಕೆಲಸವನ್ನೇ ಮಾಡುತ್ತಿರುವಾಗ, ಅದು ಕೇವಲ ಬೆರಕೆ. ಕಾಯಿದೆಯ 3ನೆಯ ಪ್ರಕರಣ ಅದನ್ನು ಸಂಶೋಧನೆಯೆಂದು ಒಪ್ಪುವುದಿಲ್ಲ. ಎರಡೂ ಕೂಡಿದಾಗ ಮಾತ್ರ, ಯಾವುದರಿಂದಲೂ ನಿರೀಕ್ಷಿಸಲಾಗದಂತಹ ಮೂರನೆಯ ಪರಿಣಾಮವೊಂದು ಮೂಡಿದರೆ ಮಾತು ಬೇರೆ. ಪಾತ್ರೆಗಳನ್ನು ಕಡೆಯುವ ಯಂತ್ರದ ಹಿಡಿಕೆಯೊಂದಕ್ಕೆ ಸಂಬಂಧಿಸಿದ ಬಿಶ್ವನಾಥ ಪ್ರಸಾದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಮ್ಮಟದಲ್ಲಿ ಯಾವ ಕುಶಲಕರ್ಮಿಯೂ ಮಾಡಿಕೊಳ್ಳುವ ಚಿಕ್ಕ ಸುಧಾರಣೆ ಪೇಟೆಂಟಿಗೆ ಸಾಲದೆಂದು 1978ರಲ್ಲಿ ತೀರ್ಮಾನಿಸಿತು.

ನಮ್ಮ ತರುಣಿಯ ಎರಡನೆಯ ಹಕ್ಕುಮಾತಿಗೆ ಜೀವ ಬರುವುದು ಇಲ್ಲಿ. ಈಗಿನ ಅನೇಕ ತಡೆಲೇಪಗಳು ಆಮ್ಲದಿಂದ ನಡೆಯುವ ಜಾತಿಯವು. ಕಿರಣ ತಾಕಿದೆಡೆ ಒಂದಿಷ್ಟು ಆಮ್ಲ ಹುಟ್ಟುತ್ತದೆ. ಬಿಸಿಮಾಡಿದಾಗ ಆ ಆಮ್ಲದ ಒಂದೊಂದು ಕಣವೂ ಅನೇಕ ಕ್ರಿಯೆಗಳನ್ನು ಪ್ರಚೋದಿಸುತ್ತದೆ. ಆದರೆ ವಾಹಕ ಪಾಲಿಮರುಗಳಿಗೆ ವಾಹಕತೆ ಬರುವುದೂ ಅನೇಕ ವೇಳೆ ಆಮ್ಲದಿಂದಲೇ. ಮೇಲಿನ ಪದರದ ಆಮ್ಲ ಕೆಳಕ್ಕೆ ಇಳಿದರೆ ಕಿರಣ ತಾಕದ ಸ್ಥಳವೂ ಕೆಡುತ್ತದೆ. ಆಮ್ಲವನ್ನು ತಟಸ್ಥಗೊಳಿಸಲು ಕ್ಷಾರ ಹಾಕಿದರೆ ಒಂದು ಕಡೆ ವಾಹಕತೆ ಕುಗ್ಗಬಹುದು. ಇನ್ನೊಂದು ಕಡೆ ಹೆಚ್ಚಾದ ಕ್ಷಾರ ಇಳಿದು, ಬೇಕಾದ ಆಮ್ಲವನ್ನೇ ನುಂಗಬಹುದು. ಈ ಎರಡು ಕಷ್ಟಗಳ ನಡುವೆ, ತಜ್ಞನು ನಿರೀಕ್ಷಿಸದ ಒಂದು ಸಹಾಯಕ ವಸ್ತುವಿನಿಂದ ವಾಹಕತೆಯೂ ಉಳಿದು ಚಿತ್ರವೂ ಕೆಡದಿದ್ದರೆ ಅದನ್ನು ಕೇವಲ ಕಮ್ಮಟದ ಸುಧಾರಣೆಯೆನ್ನಲಾಗದು. ಆದರೆ ಹಾಗೆಂದು ಬರೆದರೆ ಸಾಲದು. ಸಹಾಯಕ ವಸ್ತು ಇದ್ದಾಗ ಮತ್ತು ಇಲ್ಲದಾಗ, ಪ್ರಮಾಣ ಕಡಿಮೆಯಾದಾಗ ಮತ್ತು ಹೆಚ್ಚಾದಾಗ ದೊರೆತ ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕು.

ಇಲ್ಲಿ 3ನೆಯ ಪ್ರಕರಣದ ಇನ್ನೊಂದು ಉಪವಾಕ್ಯ ಅಡ್ಡಬರುತ್ತದೆ. ತಿಳಿದ ವಸ್ತುವಿನ ಹೊಸ ರೂಪ ಮಾತ್ರವಾಗಿದ್ದು ಅದರ ಸಾಮರ್ಥ್ಯ ಹೆಚ್ಚದಿದ್ದರೆ, ಅಥವಾ ತಿಳಿದ ವಸ್ತುವಿಗೆ ಕೇವಲ ಹೊಸ ಉಪಯೋಗವನ್ನು ಕಂಡುದಾದರೆ, ಅದು ಸಂಶೋಧನೆಯಲ್ಲ. ಗ್ಲಿವೆಕ್ ಎಂಬ ಕ್ಯಾನ್ಸರ್ ಔಷಧದ ಮೊಕದ್ದಮೆಯಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಮರ್ಥ್ಯವನ್ನು ಆ ವಸ್ತು ಯಾವ ಉದ್ದೇಶಕ್ಕಾಗಿ ಇದೆಯೋ ಅದರಿಂದ ಅಳೆಯಬೇಕೆಂದಿತು. ಔಷಧಕ್ಕಾದರೆ ರೋಗವನ್ನು ಗುಣಪಡಿಸುವ ಶಕ್ತಿ. ಈ ತರ್ಕವನ್ನು ನಮ್ಮ ಲೇಪಕ್ಕೆ ಅನ್ವಯಿಸಿದರೆ, ವಿದ್ಯುತ್ತನ್ನು ಬಸಿಯುವ ಶಕ್ತಿಯೂ ಚಿತ್ರವನ್ನು ಕೆಡಿಸದೆ ತೊಲಗುವ ಗುಣವೂ ಅದರ ಅಳತೆಗೋಲುಗಳಾಗಬೇಕು. ಬಣ್ಣ ಹಸಿರೋ ನೀಲಿಯೋ ಎಂಬುದಲ್ಲ.

ಮೂರನೆಯ ಪ್ರಶ್ನೆ, ವಿವರಣೆ ಪೂರ್ಣವಾಗಿದೆಯೇ? ಅರ್ಜಿಯನ್ನೋದಿದ ಇನ್ನೊಬ್ಬ ತಜ್ಞ ಅದನ್ನು ತಾನೇ ಮಾಡಿನೋಡುವಂತಿರಬೇಕು. ಅರ್ಜಿದಾರಳಿಗೆ ತಿಳಿದ ಅತ್ಯುತ್ತಮ ವಿಧಾನವೇ ಅದರಲ್ಲಿರಬೇಕು. ಒಂದೇ ವಸ್ತುವನ್ನು ಪ್ರಯೋಗಿಸಿ ‘ಎಲ್ಲ ಕ್ಷಾರವಸ್ತುಗಳೂ’ ಎಂದು ಹಕ್ಕು ಕೇಳಿದರೆ, ಒಂದು ಗದ್ದೆಯನ್ನು ಉತ್ತು ಇಡೀ ಹೋಬಳಿಗೆ ಪಟ್ಟಾ ಕೇಳಿದಂತಾಗುತ್ತದೆ. ಪರೀಕ್ಷಕನು ಬೇಲಿಯನ್ನು ಹಿಂದಕ್ಕೆ ಸರಿಸೆನ್ನುತ್ತಾನೆ. ಹೀಗೆ ಸರಿಸುವುದು ಅರ್ಜಿದಾರಳ ಸೋಲಲ್ಲ. ಕಿರಿದಾದರೂ ಗಟ್ಟಿಯಾದ ಬೇಲಿ ನ್ಯಾಯಾಲಯದಲ್ಲಿ ನಿಲ್ಲುತ್ತದೆ, ಅಗಲವಾದ ಸಡಿಲ ಬೇಲಿ ಮೊದಲ ಗಾಳಿಗೇ ಬೀಳುತ್ತದೆ.

ಕಾಲಕ್ರಮವೂ ಎಚ್ಚರಿಕೆಯೂ

ಅರ್ಜಿ ಸಾಮಾನ್ಯವಾಗಿ 18 ತಿಂಗಳ ಮೇಲೆ ಪ್ರಕಟವಾಗುತ್ತದೆ. ಪರೀಕ್ಷೆ ತಾನಾಗಿ ನಡೆಯುವುದಿಲ್ಲ. ಅದಕ್ಕೆ ಬೇರೆ ಕೋರಿಕೆ ಸಲ್ಲಿಸಬೇಕು. 2024ರ ನಿಯಮಗಳು ಅದರ ಅವಧಿಯನ್ನು 48 ತಿಂಗಳಿಂದ 31 ತಿಂಗಳಿಗೆ ಇಳಿಸಿದುವು. ಪರೀಕ್ಷಕನ ಮೊದಲ ವರದಿ ಬಂದ 6 ತಿಂಗಳೊಳಗೆ ಆಕ್ಷೇಪಣೆಗಳಿಗೆ ಸಮಾಧಾನ ಹೇಳಬೇಕು. ಕೋರಿದರೆ ಇನ್ನು 3 ತಿಂಗಳು ದೊರೆಯಬಹುದು. ಅರ್ಜಿ ಪ್ರಕಟವಾದಂದಿನಿಂದ ಪೇಟೆಂಟು ಮಂಜೂರಾಗುವವರೆಗೆ ಯಾರು ಬೇಕಾದರೂ ವಿರೋಧಪತ್ರ ಕೊಡಬಹುದು. ಆಲೆಮನೆಯ ರೈತನೂ ಇಂತಹ ಸಂಗತಿ ಮೊದಲೇ ಇದ್ದಿತೆಂದು ಸಾಕ್ಷ್ಯದೊಡನೆ ತೋರಿಸಬಹುದು. ಪೇಟೆಂಟಿನ ಆಯುಸ್ಸು ಅರ್ಜಿಯ ದಿನದಿಂದ 20 ವರ್ಷ.

ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಮಾತು ಹೇಳಬೇಕು. ಮಂಡ್ಯದಲ್ಲಿ 1962ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದಂದಿನಿಂದ ಈ ಸೀಮೆಯ ಎಷ್ಟೋ ಮಕ್ಕಳು ಯಂತ್ರವಿದ್ಯೆಯ ಕಡೆ ತಿರುಗಿದ್ದಾರೆ. ಹೊಸದೊಂದನ್ನು ಮಾಡಿದ ಉತ್ಸಾಹದಲ್ಲಿ ಅದನ್ನು ಪ್ರದರ್ಶನದಲ್ಲಿಟ್ಟು, ಪತ್ರಿಕೆಗೆ ಬರೆದು, ಆಮೇಲೆ ಪೇಟೆಂಟಿನ ಯೋಚನೆ ಮಾಡಿದರೆ, ತಮ್ಮ ಮಾತೇ ತಮಗೆ ಎದುರುಸಾಕ್ಷಿಯಾಗುತ್ತದೆ. ಸರ್ಕಾರ ಗೊತ್ತುಪಡಿಸಿದ ಪ್ರದರ್ಶನಕ್ಕೂ ವಿದ್ವತ್ಸಭೆಯ ಮುಂದೆ ಓದಿದ ಪ್ರಬಂಧಕ್ಕೂ ಕಾಯಿದೆಯು 12 ತಿಂಗಳ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಎಲ್ಲ ಸಂದರ್ಭಗಳಿಗೂ ಅದು ಅನ್ವಯಿಸದು. ಮೊದಲು ಅರ್ಜಿ, ಅನಂತರ ಪ್ರಕಟಣೆ ಎಂಬುದೇ ಕ್ಷೇಮ. ಇದಕ್ಕೆ ಪ್ರತಿಯಾಗಿ ಇನ್ನೊಂದು ಅನುಕೂಲವೂ ಉಂಟು: ಪ್ರಯೋಗಕ್ಕಾಗಿ, ಸಂಶೋಧನೆಗಾಗಿ, ವಿದ್ಯಾರ್ಥಿಗಳಿಗೆ ಕಲಿಸುವುದಕ್ಕಾಗಿ ಪೇಟೆಂಟಾದ ವಸ್ತುವನ್ನು ಮಾಡಿ ಬಳಸಲು 47ನೆಯ ಪ್ರಕರಣ ಅವಕಾಶ ಕೊಟ್ಟಿದೆ. ಪೇಟೆಂಟಿನ ಬೇಲಿ ಸಂತೆಗೆ ಹೋಗುವ ದಾರಿಯಲ್ಲುಂಟು, ಪಾಠಶಾಲೆಯ ದಾರಿಯಲ್ಲಿಲ್ಲ.

ಪರೀಕ್ಷಕನು ಸಡಿಲವಾಗಿ ನಡೆದುಕೊಂಡರೆ ಎಲ್ಲರಿಗೂ ತಿಳಿದ ವಿದ್ಯೆ ಒಬ್ಬರ ಸ್ವತ್ತಾಗಿ, ಹೊಸದಾಗಿ ತಲೆಯೆತ್ತುವ ಉದ್ಯಮಗಳು ಪ್ರತಿ ಹೆಜ್ಜೆಗೂ ಸುಂಕ ತೆರಬೇಕಾಗುತ್ತದೆ. ಅತಿ ಬಿಗಿಯಾಗಿ ನಡೆದುಕೊಂಡರೆ ವರ್ಷಗಟ್ಟಲೆ ಶ್ರಮಿಸಿದವನ ಫಲವನ್ನು ನಿನ್ನೆ ಬಂದವನು ಕೊಯ್ದುಕೊಂಡು ಹೋಗುತ್ತಾನೆ. ಆಗ ಸಂಶೋಧಕನು ತನ್ನ ಗುಟ್ಟನ್ನು ಹೊರಗೆಡಹದೆ ಮುಚ್ಚಿಡುತ್ತಾನೆ, ಲೋಕಕ್ಕೆ ನಷ್ಟವಾಗುತ್ತದೆ. ನಾಲೆಯ ತೂಬನ್ನು ಕಾಯುವವನ ಕೆಲಸವೂ ಇಂತಹುದೇ: ಮೇಲಿನ ಗದ್ದೆಯವನ ಹಕ್ಕು ಉಳಿಯಬೇಕು, ಕೊನೆಯ ಗದ್ದೆಗೂ ನೀರು ಮುಟ್ಟಬೇಕು. ಇಪ್ಪತ್ತು ವರ್ಷ ಕಳೆದೊಡನೆ ಪೇಟೆಂಟಿನ ಬಾಗಿಲು, ವಿಶ್ವೇಶ್ವರಯ್ಯನವರ ಪ್ರವಾಹದ ಬಾಗಿಲಿನಂತೆ, ಕಾವಲುಗಾರನಿಲ್ಲದೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಕಟ್ಟಿನಿಂತ ವಿದ್ಯೆ ಎಲ್ಲರ ಗದ್ದೆಗೂ ಹರಿಯುತ್ತದೆ.